ಹದಡಿಯ ಪಾಲಿನ ಆರೋಗ್ಯಧನ

ದಾವಣಗೆರೆಯಿಂದ ದಕ್ಷಿಣಕ್ಕೆ ಹೊರಡುವ ಹದಡಿ ರಸ್ತೆಯನ್ನು ಹಿಡಿದು ಹತ್ತು ಹನ್ನೆರಡು ಕಿಲೋಮೀಟರು ಸಾಗಿದರೆ, ಭದ್ರಾ ನಾಲೆಯ ನೀರುಂಡು ಬೆಳೆಯುವ ಭತ್ತದ ಗದ್ದೆಗಳ ಮತ್ತು ಈಚಿನ ದಶಕಗಳಲ್ಲಿ ಆ ಗದ್ದೆಗಳನ್ನೇ ಕ್ರಮೇಣ ಆಕ್ರಮಿಸುತ್ತಿರುವ ಅಡಕೆ ತೋಟಗಳ ನಡುವೆ ಹದಡಿ ಗ್ರಾಮವು ಎದುರಾಗುತ್ತದೆ. ಈ ಊರಿಗೂ ನಗರಕ್ಕೂ ಇರುವ ಅಂತರವು ಬಸ್ಸಿನಲ್ಲಿ ಅರ್ಧ ಗಂಟೆಯ ಪ್ರಯಾಣವೇ ಹೊರತು ಹೆಚ್ಚಲ್ಲ. ಆ ನಗರವಾದರೋ 1965ರಲ್ಲಿ ಸ್ಥಾಪಿತವಾದ ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಮಹಾವಿದ್ಯಾಲಯದ ಕಾಲದಿಂದ ಇಂದಿನವರೆಗೆ ಸಾವಿರಾರು ವೈದ್ಯರನ್ನು ನಾಡಿಗೆ ಕೊಟ್ಟ ಊರು, ದಾನಿ ಮನೆತನವೊಂದರ ಹೆಸರನ್ನು ಹೊತ್ತ ಚಿಗಟೇರಿ ಜಿಲ್ಲಾ ಆಸ್ಪತ್ರೆಯುಳ್ಳ ಊರು, ಬಾಪೂಜಿ ಆಸ್ಪತ್ರೆಯ ಹೆಸರು ನೆರೆಯ ಜಿಲ್ಲೆಗಳ ಹಳ್ಳಿಗಳಲ್ಲಿಯೂ ಪರಿಚಿತವಾಗಿರುವ ಊರು. ಇಂತಹ ನಗರದ ಮಗ್ಗುಲಲ್ಲಿ ಇರುವ ಗ್ರಾಮಗಳಿಗೆ ಆರೋಗ್ಯದ ಚಿಂತೆ ಏತಕ್ಕೆ, ಸರ್ಕಾರವು ಅಲ್ಲಿ ಪ್ರತ್ಯೇಕವಾಗಿ ಹಣ ತೊಡಗಿಸಬೇಕಾದ ಅಗತ್ಯವಾದರೂ ಏನು ಎಂದು ಕೇಳುವವರುಂಟು. ಈ ಪ್ರಶ್ನೆಗೆ ಉತ್ತರ ಕೊಡುವುದೇ ಪ್ರಸ್ತುತ ಲೇಖನದ ಉದ್ದೇಶ.

ದೊಡ್ಡ ಆಸ್ಪತ್ರೆಯು ಸಮೀಪದಲ್ಲಿರುವುದೂ ಚಿಕಿತ್ಸೆಯು ಕೈಗೆಟಕುವುದೂ ಒಂದೇ ಅಲ್ಲವೆಂಬುದು ಕೂಲಿಯಿಂದ ಜೀವಿಸುವ ಕುಟುಂಬಗಳಿಗೆ ಅನುಭವವೇದ್ಯವಾದ ಸಂಗತಿ. ರಕ್ತದೊತ್ತಡಕ್ಕೆ ದಿನವೂ ನುಂಗಬೇಕಾದ ಗುಳಿಗೆಯನ್ನು ತರಲು, ಸಕ್ಕರೆ ಕಾಯಿಲೆಯ ಮಟ್ಟವನ್ನು ತಿಂಗಳಿಗೊಮ್ಮೆ ನೋಡಿಸಲು, ಬಸುರಿಯ ತೂಕವನ್ನೂ ರಕ್ತದ ಕೆಂಪನ್ನೂ ಅಳೆಯಿಸಲು ಪ್ರತಿ ಸಲವೂ ದಾವಣಗೆರೆಗೆ ಹೋಗಿಬರುವುದಾದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು; ಬಸ್ಸಿನ ಖರ್ಚು, ಚೀಟಿಯ ಖರ್ಚು, ‘ಹೊರಗೆ ತಗೊಳ್ರಿ’ ಎಂದು ಬರೆದುಕೊಟ್ಟ ಔಷಧದ ಖರ್ಚು ಇವೆಲ್ಲ ಅದರ ಮೇಲೆ ಸೇರಿದವು. ಹೀಗಾದಾಗ ಮನುಷ್ಯನು ಮೊದಲು ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗುತ್ತಾನೆ, ಆಮೇಲೆ ನಿಲ್ಲಿಸಿಬಿಡುತ್ತಾನೆ, ಕಡೆಗೊಂದು ದಿನ ಪಾರ್ಶ್ವವಾಯು ಬಡಿದ ಮೇಲೆ ಅದೇ ನಗರದ ದೊಡ್ಡ ಆಸ್ಪತ್ರೆಗೆ ಮಲಗಿದ ಸ್ಥಿತಿಯಲ್ಲಿ ಸೇರುತ್ತಾನೆ. ಆಗ ಸರ್ಕಾರದ ವಿಮೆಯು ಅವನಿಗಾಗಿ ವೆಚ್ಚ ಮಾಡುವ ಮೊತ್ತದ ಅತ್ಯಲ್ಪ ಭಾಗವನ್ನು ಮುಂಚಿತವಾಗಿ ಅವನ ಊರಿನ ಕೇಂದ್ರದಲ್ಲಿ ವೆಚ್ಚ ಮಾಡಿದ್ದರೆ ಆತನು ತನ್ನ ಕಾಲ ಮೇಲೆ ನಡೆದು ಗದ್ದೆಗೆ ಹೋಗುತ್ತಿದ್ದನೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಗ್ರಾಮದ ಆರೋಗ್ಯವು ರಾಜ್ಯದ ಬೊಕ್ಕಸದ ಹೊಣೆಯೆಂಬ ಭಾವನೆ ನಮ್ಮ ನಾಡಿಗೆ ಹೊಸದಲ್ಲ. ದಾವಣಗೆರೆಯೂ ಸೇರಿದ್ದ ಹಳೆಯ ಮೈಸೂರು ಸಂಸ್ಥಾನವು, ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲದಲ್ಲಿ, 1930ರ ಆಸುಪಾಸಿನಲ್ಲಿ, ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಾಯದಿಂದ ಮಂಡ್ಯದಲ್ಲಿ ಗ್ರಾಮಾರೋಗ್ಯ ಘಟಕವೊಂದನ್ನು ಆರಂಭಿಸಿ, ಮಲೇರಿಯ, ಕೊಕ್ಕೆಹುಳು ಮುಂತಾದ ಹಳ್ಳಿಯ ಪಿಡುಗುಗಳನ್ನು ಹಳ್ಳಿಯಲ್ಲಿಯೇ ಎದುರಿಸುವ ಪ್ರಯೋಗವನ್ನು ಕೈಗೊಂಡಿತು. ನಾಲೆಯ ನೀರು ಐಶ್ವರ್ಯವನ್ನು ತರುವಾಗ ಸೊಳ್ಳೆಯನ್ನೂ ತರುತ್ತದೆಂಬುದು ಕಾವೇರಿಯ ನೀರನ್ನು ಹೊಸದಾಗಿ ಕಂಡ ಆ ಸೀಮೆಯಲ್ಲಿ ಸಂಸ್ಥಾನಕ್ಕೆ ಅಂದೇ ವೇದ್ಯವಾಗಿತ್ತು. ಅನಂತರ 1943ರಲ್ಲಿ ನೇಮಕವಾದ ಸರ್ ಜೋಸೆಫ್ ಭೋರ್ ಅವರ ಸಮಿತಿಯು 1946ರಲ್ಲಿ ಒಪ್ಪಿಸಿದ ವರದಿಯಲ್ಲಿ, ತಕ್ಷಣದ ಯೋಜನೆಯಾಗಿ, ನಲವತ್ತು ಸಾವಿರ ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂದೂ ಅದರಲ್ಲಿ ಇಬ್ಬರು ವೈದ್ಯರು, ನಾಲ್ವರು ಸಾರ್ವಜನಿಕ ಆರೋಗ್ಯ ದಾದಿಯರು, ನಾಲ್ವರು ಸೂಲಗಿತ್ತಿಯರು, ತರಬೇತಿ ಪಡೆದ ನಾಲ್ವರು ದಾಯಿಗಳು ಇರತಕ್ಕದ್ದೆಂದೂ ವಿಧಿಸಿತು. ಬಡವನು ಹಣ ಕೊಡಲಾರನೆಂಬ ಕಾರಣದಿಂದ ಚಿಕಿತ್ಸೆಯಿಂದ ವಂಚಿತನಾಗಬಾರದೆಂಬುದು ಆ ವರದಿಯ ಮೂಲತತ್ತ್ವ. ಆದರೆ 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆಯು ಉದ್ಘಾಟನೆಗೊಂಡು ಕೇಂದ್ರಗಳು ಏಳತೊಡಗಿದಾಗ, ಹಣದ ಅಭಾವದಿಂದ, ಅರುವತ್ತು ಸಾವಿರದಿಂದ ಒಂದು ಲಕ್ಷ ಜನರುಳ್ಳ ಇಡೀ ಬ್ಲಾಕಿಗೆ ಒಂದರಂತೆ ಅವು ಎದ್ದವು. ತತ್ತ್ವವು ಕಾಗದದಲ್ಲಿ ಉಳಿದು ಕೇಂದ್ರಗಳ ಸಂಖ್ಯೆಯು ಬಹಳ ಕಡಿಮೆಯಾದ ಆ ದಿನದಿಂದಲೇ ನಮ್ಮ ಗ್ರಾಮಾರೋಗ್ಯದ ಕೊರತೆಯು ಪ್ರಾರಂಭವಾಯಿತೆನ್ನಬಹುದು.

ಬಯಲುಸೀಮೆಯಲ್ಲಿ ಮೂವತ್ತು ಸಾವಿರ ಜನಕ್ಕೊಂದು ಪ್ರಾಥಮಿಕ ಕೇಂದ್ರ, ಐದು ಸಾವಿರ ಜನಕ್ಕೊಂದು ಉಪಕೇಂದ್ರ ಎಂಬ ಇಂದಿನ ಮಾನದಂಡವು ಬಹು ಕಾಲಾನಂತರ ಬಂದದ್ದು. ಕರ್ನಾಟಕದಲ್ಲಿ ಅಂದಿನ ಸಚಿವ ಅಬ್ದುಲ್ ನಜೀರ್ ಸಾಬರ ಶ್ರದ್ಧೆಯ ಫಲವಾಗಿ 1983ರಲ್ಲಿ ಜಿಲ್ಲಾ ಪರಿಷತ್ತುಗಳ ಶಾಸನ ರೂಪುಗೊಂಡು 1987ರ ಚುನಾವಣೆಯೊಡನೆ ಗ್ರಾಮೀಣ ಆಸ್ಪತ್ರೆಗಳ ಆಡಳಿತ ಮತ್ತು ಅನುದಾನ ಜನಪ್ರತಿನಿಧಿಗಳ ಕೈಸೇರಿದುದು ಈ ಕಥೆಯ ಮಹತ್ತ್ವದ ತಿರುವು. ಆದರೂ ಕೈಸೇರಿದ ಅನುದಾನದ ಬಹುಭಾಗವು ಸಂಬಳಕ್ಕೇ ಮೀಸಲಾಗಿದ್ದುದರಿಂದ, ಕೇಂದ್ರದ ಒಡೆದ ಕಿಟಕಿಗೆ ಗಾಜು ಹಾಕಿಸುವುದಕ್ಕೂ ಬೆಂಗಳೂರಿನ ಕಡೆ ಮುಖಮಾಡಿ ನಿಲ್ಲುವ ಪರಿಸ್ಥಿತಿ ತಪ್ಪಲಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಸೇವೆಗೆ ಜೀವನವನ್ನು ಮುಡಿಪಿಟ್ಟ ಡಾಕ್ಟರ್ ಎಚ್. ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಸರ್ಕಾರವು ನೇಮಿಸಿದ ಕಾರ್ಯಪಡೆಯು 2001ರ ವರದಿಯಲ್ಲಿ ಭ್ರಷ್ಟಾಚಾರವನ್ನೂ ಸಾರ್ವಜನಿಕ ಆರೋಗ್ಯದ ಉಪೇಕ್ಷೆಯನ್ನೂ ರೋಗದ ಮೂಲಗಳೆಂದು ನೇರವಾಗಿ ಹೆಸರಿಸಿತು. ಅವರದೇ ಕರುಣಾ ಟ್ರಸ್ಟು 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಸರ್ಕಾರಿ ಕೇಂದ್ರವನ್ನು ವಹಿಸಿಕೊಂಡು, ಸರ್ಕಾರದ ಹಣದಲ್ಲಿಯೇ, ಹಗಲಿರುಳೆನ್ನದೆ ತೆರೆದಿರುವ ಆಸ್ಪತ್ರೆಯನ್ನಾಗಿ ಅದನ್ನು ಪರಿವರ್ತಿಸಿದುದರಿಂದ, ಹಳ್ಳಿಯ ಕೇಂದ್ರವೆಂದರೆ ಮಧ್ಯಾಹ್ನಕ್ಕೆ ಬೀಗ ಬೀಳುವ ಕಟ್ಟಡವಾಗಿಯೇ ಇರಬೇಕಾಗಿಲ್ಲವೆಂಬುದು ಪ್ರತ್ಯಕ್ಷವಾಯಿತು.

ಇನ್ನು 2005ರ ಏಪ್ರಿಲ್ 12ರಂದು ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ವಿಚಾರ. ಸರ್ಕಾರದ ಹಣದಿಂದ ಹಳ್ಳಿಯಲ್ಲಿ ಏನೂ ಆಗುವುದಿಲ್ಲವೆಂದು ನಿರಾಶೆಯ ಮಾತಾಡುವವರು ಅದರ ಮುಂದಿನ ಹದಿನೈದು ವರ್ಷಗಳ ಲೆಕ್ಕವನ್ನು ಒಮ್ಮೆ ನೋಡಬೇಕು. ಆ ಅಭಿಯಾನವು ಹುಟ್ಟಿದ ಕಾಲಕ್ಕೆ ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದುವು ಸುಮಾರು 65. 2019-20ರ ಸಮೀಕ್ಷೆಯ ವೇಳೆಗೆ ಅದು 97 ಆಯಿತು. ಲಕ್ಷ ಜನನಗಳಿಗೆ 213ರಂತೆ ಇದ್ದ ತಾಯಂದಿರ ಸಾವು 2018-20ರ ಗಣನೆಯಲ್ಲಿ 69ಕ್ಕೆ ಇಳಿಯಿತು. ತಾಯಿ ಕಾರ್ಡು, ಮಡಿಲು ಕಿಟ್ಟು, ಜನನಿ ಸುರಕ್ಷಾ ಯೋಜನೆಯಂತೆ ಬಡ ಬಾಣಂತಿಯ ಕೈಗೆ ಬರುವ ಸಹಾಯಧನ, 2008ರ ನವೆಂಬರ್ 1ರಂದು ಓಡಾಟ ಆರಂಭಿಸಿದ 108ರ ಗಾಡಿ, ಸಾವಿರ ಜನಕ್ಕೊಬ್ಬಳಂತೆ ನೇಮಕವಾದ ಆಶಾ ಕಾರ್ಯಕರ್ತೆ ಇವೆಲ್ಲವೂ ಸೇರಿ, ಮನೆಯ ಮೂಲೆಯಲ್ಲಿ ನೋವು ತಿನ್ನುತ್ತಿದ್ದ ಹೆಣ್ಣುಮಗಳನ್ನು ಆಸ್ಪತ್ರೆಯ ಮಂಚಕ್ಕೆ ತಲುಪಿಸಿದವು. ಒಂದು ತಲೆಮಾರಿನೊಳಗೆ ಆದ ಇಷ್ಟು ದೊಡ್ಡ ಬದಲಾವಣೆಯನ್ನು ನಾವು ಆಗಲೇ ಸಹಜವೆಂಬಂತೆ ಮರೆತಿದ್ದೇವೆ; ಮರೆಯಬಾರದು.

ಆ ಅಭಿಯಾನದಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದ ಅಂಶವು ಮಾತ್ರ ಬಹಳ ಚಿಕ್ಕ ಮೊತ್ತಕ್ಕೆ ಸಂಬಂಧಿಸಿದ್ದು. ಇಂಥದ್ದಕ್ಕೇ ವೆಚ್ಚ ಮಾಡೆಂಬ ಕಟ್ಟಿಲ್ಲದ ಹಣವೆಂದು, ಇಲಾಖೆಯ ಭಾಷೆಯಲ್ಲಿ ಮುಕ್ತ ನಿಧಿಯೆಂದು, ಪ್ರತಿ ಗ್ರಾಮದ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 25,000 ಮುಕ್ತ ನಿಧಿ, 50,000 ನಿರ್ವಹಣಾ ಅನುದಾನ, ಕೇಂದ್ರದ ಆರೋಗ್ಯ ರಕ್ಷಾ ಸಮಿತಿಗೆ ಒಂದು ಲಕ್ಷ, ಒಟ್ಟು 1,75,000 ರೂಪಾಯಿ. ಆರೋಗ್ಯ ಕ್ಷೇಮ ಕೇಂದ್ರವಾಗಿ ಮೇಲ್ದರ್ಜೆಗೇರಿದ ಉಪಕೇಂದ್ರಕ್ಕೆ 50,000 ಎಂದು ಗೊತ್ತುಮಾಡಲಾಯಿತು. ವಿಧಾನಸೌಧದ ಆಯವ್ಯಯದಲ್ಲಿ ಈ ಅಂಕಿಗಳು ಕಣ್ಣಿಗೂ ಬೀಳಲಾರವು. ಆದರೆ ಲಸಿಕೆಯ ಪೆಟ್ಟಿಗೆ ಕೆಟ್ಟ ದಿನ ಅದನ್ನು ಆ ದಿನವೇ ರಿಪೇರಿ ಮಾಡಿಸುವುದು, ಹೆರಿಗೆ ಕೋಣೆಯ ನಲ್ಲಿಗೆ ನೀರು ಬರುವಂತೆ ಮಾಡುವುದು, ಗುಳಿಗೆಯ ದಾಸ್ತಾನು ಮುಗಿದಾಗ ಹೊಸ ಸರಬರಾಜು ಬರುವವರೆಗೆ ಪೇಟೆಯಿಂದ ಕೊಂಡು ತರುವುದು, ಬಡ ರೋಗಿಯೊಬ್ಬನಿಗೆ ಗಾಡಿಯ ಬಾಡಿಗೆ ಕೊಟ್ಟು ನಗರಕ್ಕೆ ಕಳುಹಿಸುವುದು ಇಂತಹ ಕಾರ್ಯಗಳು ಈ ಹಣದಿಂದಲ್ಲದೆ ಮತ್ತಾವ ಹಣದಿಂದಲೂ ಸಕಾಲದಲ್ಲಿ ನಡೆಯಲಾರವು. ಕೋಟಿಗಳ ಕಟ್ಟಡವನ್ನು ಆಸ್ಪತ್ರೆಯಾಗಿಸುವ ಶಕ್ತಿ ಈ ಸಾವಿರಗಳಲ್ಲಿದೆ.

ಸರ್ಕಾರದ ಹಣದ ಎರಡನೆಯ ಪ್ರವಾಹವು ವಿಮೆಯ ರೂಪದಲ್ಲಿ ಹರಿಯುವಂಥದು. ಸಹಕಾರಿ ಸಂಘಗಳ ಸದಸ್ಯರಾದ ರೈತರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯು ವರ್ಷಕ್ಕೆ ತಲೆಗೆ 60 ರೂಪಾಯಿಯ ವಂತಿಗೆಯಿಂದ ಹೃದಯದ ಶಸ್ತ್ರಚಿಕಿತ್ಸೆಯವರೆಗೆ ದಾರಿಮಾಡಿಕೊಟ್ಟ ಸಂಗತಿಯನ್ನು ಈ ಭಾಗದ ಹಳ್ಳಿಗರು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ. 2018ರಲ್ಲಿ ನಿಂತುಹೋದ ಅದು ಮರಳಿ ಜೀವಪಡೆದು, ಗ್ರಾಮೀಣ ಕುಟುಂಬದ ನಾಲ್ವರಿಗೆ 500 ರೂಪಾಯಿಯ ವಂತಿಗೆಯಲ್ಲಿ ಐದು ಲಕ್ಷದ ರಕ್ಷಣೆ ಕೊಡುತ್ತಿದೆ. ಬಿಪಿಎಲ್ ಕಾರ್ಡಿನ ಕುಟುಂಬಗಳಿಗೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಒದಗಿಸುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವು 2018ರಿಂದ ನಡೆಯುತ್ತಿದೆ. ಈ ಯೋಜನೆಗಳನ್ನು ನಾನು ಹಗುರವಾಗಿ ಕಾಣುವವನಲ್ಲ. ಜಮೀನು ಮಾರಿ ಶಸ್ತ್ರಚಿಕಿತ್ಸೆ ಮಾಡಿಸಬೇಕಾಗಿದ್ದ ಮನೆಗಳನ್ನು ಅವು ಉಳಿಸಿವೆ. ಆದರೂ ಹೇಳಲೇಬೇಕಾದುದೇನೆಂದರೆ, ಈ ಹಣವು ಹದಡಿಯ ರೋಗಿಯ ಹೆಸರಿನಲ್ಲಿ ಹೊರಟರೂ ಹದಡಿಯಲ್ಲಿ ವೆಚ್ಚವಾಗುವುದಿಲ್ಲ. ಮಲಗಿಸಿ ಮಾಡುವ ಚಿಕಿತ್ಸೆಗೇ ಮುಖ್ಯವಾಗಿ ಸಲ್ಲುವ ವಿಮೆಯು ದಿನನಿತ್ಯದ ಗುಳಿಗೆಯನ್ನು ಮುಟ್ಟದು, ಉಪಕೇಂದ್ರದ ಖಾಲಿ ಹುದ್ದೆಯನ್ನು ತುಂಬದು, ರೋಗವು ಬಾರದಂತೆ ತಡೆಯದು. ಬಂದ ರೋಗಕ್ಕೆ ಲಕ್ಷಗಳನ್ನು ಕೊಡುವ ಔದಾರ್ಯವು ಬರುವ ರೋಗವನ್ನು ತಡೆಯುವ ಸಾವಿರಗಳಲ್ಲಿ ಕೃಪಣತೆಯಾಗಿ ಪರಿಣಮಿಸಿದರೆ ಅದನ್ನು ವಿವೇಕವೆನ್ನಲಾಗದು. 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಆರೋಗ್ಯಧನದ ಮೂರನೇ ಎರಡು ಭಾಗವನ್ನು ಪ್ರಾಥಮಿಕ ಸೇವೆಗೆ ಮೀಸಲಿಡಬೇಕೆಂದು ಹೇಳಿರುವುದು ಇದೇ ಕಾರಣದಿಂದ.

ಈ ನೀರಾವರಿ ಸೀಮೆಯ ರೋಗಗಳಿಗೆ ಈ ಸೀಮೆಯದೇ ಆದ ಸ್ವರೂಪವುಂಟು. ನಾಟಿಯ ಕಾಲದಲ್ಲಿಯೂ ಕೊಯ್ಲಿನ ಕಾಲದಲ್ಲಿಯೂ ಗದ್ದೆಯ ಬದುವಿನ ಮೇಲೆ ಬರಿಗಾಲಿನಲ್ಲಿ ನಡೆಯುವವರಿಗೆ ಹಾವಿನ ಭಯವಿದೆ. ಹಾವು ಕಚ್ಚಿದವನಿಗೆ ಮೊದಲ ಒಂದೆರಡು ಗಂಟೆಗಳಲ್ಲಿ ಪ್ರತಿವಿಷದ ಸೂಜಿ ದೊರೆಯುವುದೇ ಬದುಕಿಗೂ ಸಾವಿಗೂ ಇರುವ ಭೇದ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವುಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ಪ್ರಕರಣವೆಂದು ಘೋಷಿಸಿದುದು ಶ್ಲಾಘನೀಯ. ಆದರೆ ಆ ಘೋಷಣೆಯು ಸಾರ್ಥಕವಾಗಬೇಕಾದರೆ ಪ್ರತಿವಿಷವು ಶೀತಲ ಪೆಟ್ಟಿಗೆಯಲ್ಲಿ ಇರಬೇಕು, ರಾತ್ರಿಯ ಹೊತ್ತು ಅದನ್ನು ಕೊಡಲು ಧೈರ್ಯವೂ ತರಬೇತಿಯೂ ಉಳ್ಳವರು ಕೇಂದ್ರದಲ್ಲಿ ಇರಬೇಕು. ಭತ್ತಕ್ಕೂ ತೋಟಕ್ಕೂ ಹೊಡೆಯುವ ಕೀಟನಾಶಕದ ವಿಷ, ನಿಂತ ನೀರಿನ ಸೊಳ್ಳೆಯಿಂದ ಬರುವ ಡೆಂಗಿ ಮತ್ತು ಚಿಕುನ್‌ಗುನ್ಯ ಇವುಗಳ ವಿಚಾರವೂ ಇದೇ ರೀತಿಯದು. ನಾಲೆಯಿಲ್ಲದ ಜಗಳೂರಿನ ಕಡೆಗೆ ಹೋದರೆ ಕೊಳವೆಬಾವಿಯ ಫ್ಲೋರೈಡು ಹಲ್ಲನ್ನೂ ಮೂಳೆಯನ್ನೂ ತಿನ್ನುವ ಕಥೆ ಬೇರೆಯೇ ಆಗುತ್ತದೆ. ಒಂದೇ ಜಿಲ್ಲೆಯೊಳಗೆ ಅಗತ್ಯಗಳು ಇಷ್ಟು ಭಿನ್ನವಾಗಿರುವುದರಿಂದಲೇ ಹಣವು ಶೀರ್ಷಿಕೆಗಳ ಬೇಡಿ ತೊಟ್ಟು ಬರಬಾರದು, ಊರಿನ ತೀರ್ಮಾನಕ್ಕೆ ಅವಕಾಶವಿರಬೇಕು ಎನ್ನುವುದು.

ಭದ್ರಾ ಅಚ್ಚುಕಟ್ಟಿನ ರೈತನಿಗೆ ಲಕ್ಕವಳ್ಳಿಯ ಜಲಾಶಯದ ಪೂರ್ಣಮಟ್ಟವು 186 ಅಡಿಯೆಂಬುದು ಬಾಯಿಪಾಠ. ಇಂದು ಎಷ್ಟು ಅಡಿಯಿದೆ, ಒಳಹರಿವು ಎಷ್ಟು, ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ನಾಲೆಗೆ ನೀರು ಬಿಡುವುದೆಂದು ತೀರ್ಮಾನವಾಯಿತೆ, ಎಷ್ಟು ದಿನ ಬಿಟ್ಟು ಎಷ್ಟು ದಿನ ನಿಲ್ಲಿಸುತ್ತಾರೆ ಎಂಬುದು ಚಹಾದಂಗಡಿಯ ಬೆಂಚಿನ ಮೇಲೆ ಕುಳಿತವರೆಲ್ಲರಿಗೂ ಗೊತ್ತು. ಮಲೇಬೆನ್ನೂರು, ಹರಿಹರಗಳ ಕಡೆಯ ಕೊನೆಭಾಗಕ್ಕೆ ನೀರು ಮುಟ್ಟದಿದ್ದ ವರ್ಷ ರೈತರು ರಸ್ತೆಗಿಳಿಯುತ್ತಾರೆ, ಅಧಿಕಾರಿಗಳನ್ನು ನಾಲೆಯ ಏರಿಯ ಮೇಲೆ ನಡೆಸಿ ತೂಬುಗಳನ್ನು ತೋರಿಸುತ್ತಾರೆ. ಆರೋಗ್ಯದ ಹಣವೂ ದೆಹಲಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಕೇಂದ್ರಕ್ಕೆ ಹರಿದು ಬರುವ ಇಂಥದೇ ಒಂದು ನಾಲೆ. ಉಪಕೇಂದ್ರವೇ ಅದರ ಕೊನೆಯ ತೂಬು. ಆದರೆ ಅಲ್ಲಿ ಈ ವರ್ಷ ಎಷ್ಟು ಬಂತು, ಯಾವ ತಿಂಗಳು ಬಂತು, ಏನಾಯಿತು ಎಂದು ಕೇಳಿದರೆ ಉತ್ತರ ಕೊಡಬಲ್ಲವರು ಊರಿನಲ್ಲಿ ವಿರಳ. ನೀರಿನ ವಿಷಯದಲ್ಲಿ ಇಷ್ಟು ಜಾಗೃತವಾಗಿರುವ ಜನತೆ ತನ್ನ ಆರೋಗ್ಯಧನದ ವಿಷಯದಲ್ಲಿ ಮೌನವಾಗಿರುವುದೇ ನನ್ನ ಮಟ್ಟಿಗೆ ಈ ವಿಷಯದ ಕೇಂದ್ರಸಮಸ್ಯೆ.

ಈ ಮೌನಕ್ಕೆ ಜನರು ಮಾತ್ರವೇ ಹೊಣೆಯಲ್ಲ. ಈ ಹಣದ ದಾರಿಯನ್ನು ಸಾಮಾನ್ಯನು ತಿಳಿಯಲಾರದಷ್ಟು ಜಟಿಲಗೊಳಿಸಲಾಗಿದೆ. ಹಿಂದೆ ಮೊತ್ತವು ಆರೋಗ್ಯ ಕೇಂದ್ರದ ಬ್ಯಾಂಕ್ ಖಾತೆಗೇ ಬಂದು ಬೀಳುತ್ತಿತ್ತು. 2021ರಿಂದೀಚೆಗೆ ರಾಜ್ಯಕ್ಕೊಂದೇ ನೋಡಲ್ ಖಾತೆಯಿದ್ದು ಕೆಳಗಿನ ಕಚೇರಿಗಳಿಗೆ ಶೂನ್ಯ ಶಿಲ್ಕಿನ ಖಾತೆಗಳಷ್ಟೇ ಉಳಿದಿವೆ, ವೆಚ್ಚದ ಮಿತಿಯನ್ನು ಮೇಲಿನಿಂದ ಗೊತ್ತುಮಾಡಿದ ಮೇಲೆಯೇ ಪಾವತಿ ಸಾಧ್ಯ. ಹಣ ಎಲ್ಲೆಲ್ಲಿಯೋ ತಂಗಿ ಕೊಳೆಯುವುದು ಇದರಿಂದ ತಪ್ಪಿತೆಂಬುದು ನಿಜ. ಆದರೆ ಮಿತಿಯು ತಡವಾಗಿ ಬಂದರೆ ಮಾರ್ಚಿ ತಿಂಗಳಿನಲ್ಲಿ, ಬೇಕಾದುದನ್ನು ಬಿಟ್ಟು, ಬಿಲ್ಲು ಬೇಗ ಸಿಗುವುದನ್ನು ಕೊಳ್ಳುವ ಅವಸರ ಉಂಟಾಗುತ್ತದೆ. ಆಡಿಟ್ಟಿನ ಆಕ್ಷೇಪಣೆಗೆ ಅಂಜುವ ಯುವ ವೈದ್ಯಾಧಿಕಾರಿಗೆ ಮುಕ್ತ ನಿಧಿಯನ್ನು ಮುಟ್ಟದೆ ಬಿಡುವುದೇ ಸುರಕ್ಷಿತವೆಂದು ತೋರಿದರೆ ಆಶ್ಚರ್ಯವಿಲ್ಲ. ವೈದ್ಯಶಾಸ್ತ್ರವನ್ನು ಕಲಿಸಿದ ಕಾಲೇಜು ಅವನಿಗೆ ಕ್ಯಾಶ್ ಪುಸ್ತಕ ಬರೆಯುವುದನ್ನು ಕಲಿಸಿರುವುದಿಲ್ಲ. ಹೀಗಾಗಿ ವೆಚ್ಚವಾಗದೆ ಉಳಿದ ಹಣವೇ, ಹಳ್ಳಿಗೆ ಹಣ ಬೇಕಾಗಿರಲಿಲ್ಲವೆಂಬುದಕ್ಕೆ ಸಾಕ್ಷ್ಯವಾಗಿ, ಮುಂದಿನ ವರ್ಷದ ಆಯವ್ಯಯದಲ್ಲಿ ಬಳಕೆಯಾಗುವ ಅನ್ಯಾಯವೂ ಸಂಭವಿಸಬಹುದು. ಪ್ರತಿ ಎರಡು ಮೂರು ಕೇಂದ್ರಗಳಿಗೊಬ್ಬ ಲೆಕ್ಕಿಗನನ್ನು ಕೊಟ್ಟು ಆರ್ಥಿಕ ವರ್ಷದ ಮೊದಲ ತ್ರೈಮಾಸಿಕದಲ್ಲಿಯೇ ಪೂರ್ಣ ಮಿತಿಯನ್ನು ತೆರೆಯುವುದು ಸರ್ಕಾರಕ್ಕೆ ದೊಡ್ಡ ಹೊರೆಯಾಗಲಾರದು.

ಹಣವನ್ನು ಸೇವೆಯಾಗಿ ಪರಿವರ್ತಿಸುವವರ ವಿಚಾರವನ್ನೂ ಇಲ್ಲಿ ಎತ್ತದೆ ಇರಲಾರೆ. ಕೊರೋನಾದ ದಿನಗಳಲ್ಲಿ ಮನೆಮನೆಯ ಬಾಗಿಲಲ್ಲಿ ನಿಂತ ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ, ಚಳಿಯ ರಾತ್ರಿಗಳನ್ನು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿಯಲ್ಲಿ ಕಳೆದ ಮೇಲೆ, ತಿಂಗಳಿಗೆ ಕನಿಷ್ಠ 10,000 ರೂಪಾಯಿ ದೊರೆಯುವಂತೆ ಮಾಡುವ ಭರವಸೆ ಮುಖ್ಯಮಂತ್ರಿಗಳಿಂದ ಬಂತು. ಊರಿನ ಪ್ರತಿಯೊಬ್ಬ ಬಸುರಿಯ ದಿನಗಳನ್ನೂ ಪ್ರತಿಯೊಂದು ಮಗುವಿನ ಲಸಿಕೆಯನ್ನೂ ನೆನಪಿನಲ್ಲಿಟ್ಟುಕೊಂಡಿರುವ ಹೆಣ್ಣುಮಗಳನ್ನು ಸ್ವಯಂಸೇವಕಿಯೆಂದು ಕರೆದು ಕೆಲಸಕ್ಕೆ ತಕ್ಕ ಪ್ರತಿಫಲವನ್ನು ತುಂಡು ತುಂಡಾಗಿ, ತಡವಾಗಿ ಕೊಡುವುದು ಸರ್ಕಾರದ ಗೌರವಕ್ಕೆ ಶೋಭಿಸುವಂಥದಲ್ಲ. ಉಪಕೇಂದ್ರದ ಸಿಸ್ಟರಿಗೂ, ಗುತ್ತಿಗೆಯ ಮೇಲೆ ವರ್ಷದಿಂದ ವರ್ಷಕ್ಕೆ ನವೀಕರಣ ಕಾಯುವ ಸಮುದಾಯ ಆರೋಗ್ಯ ಅಧಿಕಾರಿಗೂ ಇದೇ ಮಾತು ಅನ್ವಯಿಸುತ್ತದೆ. ಗ್ರಾಮಾರೋಗ್ಯದ ಮೇಲೆ ಮಾಡುವ ವೆಚ್ಚದಲ್ಲಿ ಇವರ ಸಂಬಳವೇ ಅತ್ಯಂತ ಫಲದಾಯಕವಾದ ಭಾಗವೆಂದು ನಾನು ದೃಢವಾಗಿ ನಂಬಿದ್ದೇನೆ.

ಒಟ್ಟು ಮೊತ್ತವೇ ಸಾಲದೆಂಬುದೂ ಅಷ್ಟೇ ಸತ್ಯ. ದೇಶದ ಒಟ್ಟು ಉತ್ಪನ್ನದ ನೂರಕ್ಕೆ ಎರಡೂವರೆ ಭಾಗವನ್ನು 2025ರೊಳಗೆ ಸರ್ಕಾರಗಳು ಆರೋಗ್ಯಕ್ಕೆ ವ್ಯಯಿಸಬೇಕೆಂದು 2017ರ ನೀತಿಯು ಸಂಕಲ್ಪಿಸಿತ್ತು. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ತಲುಪಿದ್ದು 1.84, ಅದೂ ಮಹಾಮಾರಿಯ ವರ್ಷದಲ್ಲಿ. ಅದೇ ಲೆಕ್ಕದಲ್ಲಿ, ಆರೋಗ್ಯಕ್ಕಾಗಿ ದೇಶವು ವೆಚ್ಚಮಾಡಿದ ನೂರು ರೂಪಾಯಿಯಲ್ಲಿ 39 ರೂಪಾಯಿಗಳಿಗೂ ಮೇಲ್ಪಟ್ಟು ಜನರು ನೇರವಾಗಿ ತಮ್ಮ ಜೇಬಿನಿಂದ ಕೊಟ್ಟದ್ದು. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕಾಗಿಯೇ 70,051 ಕೋಟಿ ರೂಪಾಯಿಗಳನ್ನು ಶಿಫಾರಸು ಮಾಡಿ, ಅದರಲ್ಲಿ 43,928 ಕೋಟಿಯನ್ನು ಗ್ರಾಮೀಣ ಸಂಸ್ಥೆಗಳಿಗೆ ಗೊತ್ತುಮಾಡಿದುದು ಈ ದೃಷ್ಟಿಯಿಂದ ಒಂದು ಸುಮುಹೂರ್ತ; ಕಟ್ಟಡವಿಲ್ಲದ ಉಪಕೇಂದ್ರಗಳಿಗೆ ಕಟ್ಟಡ, ಕೇಂದ್ರಗಳಲ್ಲಿ ರಕ್ತ-ಮೂತ್ರ ಪರೀಕ್ಷೆಯ ಸೌಕರ್ಯ, ತಾಲ್ಲೂಕು ಮಟ್ಟದ ಸಾರ್ವಜನಿಕ ಆರೋಗ್ಯ ಘಟಕ ಇವು ಅದರ ಉದ್ದಿಷ್ಟ ಕಾರ್ಯಗಳು. ಪಂಚಾಯತಿಗಳ ಹೆಸರಿನಲ್ಲಿ ಬರುವ ಈ ಹಣದ ವಿನಿಯೋಗದಲ್ಲಿ ಪಂಚಾಯತಿಗಳು ಕೇವಲ ಸಾಕ್ಷಿಗಳಾಗಿ ನಿಲ್ಲದೆ ಹೊಣೆಗಾರರಾಗಿ ನಿಲ್ಲಬೇಕಾಗಿದೆ.

ಆದುದರಿಂದ ಹದಡಿಯ, ಅದರ ನೆರೆಯ ಹಳ್ಳಿಗಳ, ಹರಿಹರದ ಹೊಳೆದಂಡೆಯ ಊರುಗಳ ಓದುಗರಲ್ಲಿ ನನ್ನ ವಿಜ್ಞಾಪನೆಯು ಇಷ್ಟು: ನಿಮ್ಮ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿಯೂ ನಿಮ್ಮ ಊರಿನ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಯಲ್ಲಿಯೂ ಸದಸ್ಯರು ಯಾರೆಂಬುದನ್ನು ಈ ವಾರವೇ ವಿಚಾರಿಸಿಕೊಳ್ಳಿ, ಮುಂದಿನ ಗ್ರಾಮಸಭೆಗೆ ಹೋಗಿ, ರಸ್ತೆ ಚರಂಡಿಗಳ ಮಾತು ಮುಗಿದ ಮೇಲಾದರೂ ಎದ್ದು ನಿಂತು, ಈ ಸಾಲಿನ ಮುಕ್ತ ನಿಧಿ ಎಷ್ಟು ಬಂದಿದೆ, ಯಾವ ದಿನಾಂಕದಂದು ಬಂದಿದೆ, ಏತಕ್ಕೆ ವೆಚ್ಚವಾಗಿದೆ ಎಂದು ಕೇಳಿ, ಕೊಟ್ಟ ಉತ್ತರವನ್ನು ಸಭೆಯ ನಡವಳಿ ಪುಸ್ತಕದಲ್ಲಿ ಬರೆಯಿಸಿರಿ.